ಲಸಿಕೆಯ ಜ್ವರ

ನಮ್ಮ ಮೊಮ್ಮಗನಿಗೆ ಆರು ವಾರ ತುಂಬಿದಾಗ ಐದು ರೋಗಗಳ ಲಸಿಕೆಯನ್ನು ಹಾಕಿಸಿದೆವು. ಆ ರಾತ್ರಿ ಕೂಸಿಗೆ ಜ್ವರ ಬಂದು ತೊಡೆ ಬಾತುಕೊಂಡಿತು. "ತೊಟ್ಟು ಮದ್ದಿಗೆ ಇಷ್ಟು ಸಂಕಟವೆ? ಇನ್ನೆರಡು ಸಲ ಹಾಕಿಸುವುದು ಬೇಡವೇ ಬೇಡ" ಎಂದು ನಮ್ಮ ಮನೆಯವರು ಹಟಹಿಡಿದರು. ಅವರಿಗೆ ಹೇಳಿದ ಸಮಾಧಾನವನ್ನೇ ವಾಚಕರ ಮುಂದಿಡುತ್ತಿರುವೆನು.

ನಮ್ಮ ರಕ್ತದಲ್ಲಿ ಬಿ ಕಣಗಳೆಂಬುವು ಉಂಟು. ರೋಗಾಣುವನ್ನು ಅಂಟಿ ಹಿಡಿಯತಕ್ಕ ಪ್ರತಿಕಾಯಗಳನ್ನು ಸೃಜಿಸುವುವು ಇವೇ. ಆದರೆ ಪರಕೀಯ ವಸ್ತುವನ್ನು ಕಂಡ ಮಾತ್ರಕ್ಕೆ ಇವು ಸಾಮಾನ್ಯವಾಗಿ ಪೂರ್ಣಬಲದಿಂದ ಕಾರ್ಯಕ್ಕೆ ತೊಡಗವು. ನಾವು ಉಣ್ಣುವ ಬೇಳೆಯೂ ಪರಕೀಯವೇ ಅಲ್ಲವೆ? ಕಂಡುದು ಅಪಾಯಕರವೆಂಬ ಎರಡನೆಯ ಸೂಚನೆಯೊಂದು ಬೇಕು. ಆ ಸೂಚನೆಯು ಜನ್ಮಸಿದ್ಧವಾದ ಗ್ರಾಹಕಗಳಿಂದ ಬರುವುದೆಂದು 1989ರಲ್ಲಿ ಅಮೇರಿಕದ ಚಾರ್ಲ್ಸ್ ಜೇನ್‌ವೇ ಎಂಬ ವಿದ್ವಾಂಸರು ಊಹಿಸಿದರು. ಶುದ್ಧ ಪ್ರೋಟೀನನ್ನು ಮಾತ್ರ ಚುಚ್ಚಿದರೆ ಪ್ರತಿಕಾಯಗಳು ಅಲ್ಪ. ಸತ್ತ ರೋಗಾಣುಗಳನ್ನು ಬೆರಸಿದರೆ ಹೇರಳ. ಅವರ ಊಹೆಗೆ ಇದೇ ಆಧಾರ.

ಊಹೆ ಮುಂದೆ ದೃಢಪಟ್ಟಿತು. ಅಂತಹ ಗ್ರಾಹಕಗಳಲ್ಲಿ ಒಂದು ಕುಲಕ್ಕೆ 'ಟೋಲ್ ಸದೃಶ' ಎಂದು ಹೆಸರು. ಟೋಲ್ ಎಂಬುದು ಜರ್ಮನರು ಬೆರಗಾದಾಗ ಆಡುವ ಮಾತು. ಇಂತಹ ನಾಮಕರಣವು ಪಾಣಿನಿಗೆ ಒಪ್ಪಿಗೆಯಾಗುತ್ತಿತ್ತೋ ಇಲ್ಲವೋ! ಮನುಷ್ಯರಲ್ಲಿ ಇವು ಹತ್ತು ಬಗೆ. ಒಂಬತ್ತನೆಯದು ಬಿ ಕಣದೊಳಗೇ ಇದ್ದು ಬ್ಯಾಕ್ಟೀರಿಯದ ಡಿ.ಎನ್.ಎ.ಯನ್ನು ಗುರುತಿಸುವುದು. ನಾಲ್ಕನೆಯದು ಕಾವಲುಕಣಗಳ ಮೇಲಿದ್ದು, ಕೆಲವು ಬ್ಯಾಕ್ಟೀರಿಯಗಳ ಹೊರಪೊರೆಯ ಕೊಬ್ಬನ್ನು ಗುರುತಿಸುವುದು. ಆಗ ಕಾವಲುಕಣವು ಟಿ ಕಣಗಳನ್ನು ಎಚ್ಚರಿಸುವುದು. ಅವುಗಳ ನೆರವಿನಿಂದ ಬಿ ಕಣಗಳು ವಂಶ ಬೆಳಸಿ, ಕೆಲವು ಆ ವೈರಿಯನ್ನು ವರ್ಷಗಟ್ಟಲೆ ನೆನಪಿಡುವುವು. ಕಾವಲುಕಣಗಳು ಸೂಸುವ ದ್ರವ್ಯಗಳೇ ಮೈಯ ಕಾವನ್ನೂ ಏರಿಸುವುವು.

ನಮ್ಮ ಕೂಸಿನ ಲಸಿಕೆಯಲ್ಲಿ ನಾಯಿಕೆಮ್ಮಿನ ಬ್ಯಾಕ್ಟೀರಿಯವನ್ನು ಕೊಂದು ಇಡಿಯಾಗಿ ಸೇರಿಸಿರುವರು. ಅದರ ಹೊರಪೊರೆಯೇ ನಾಲ್ಕನೆಯ ಗ್ರಾಹಕವನ್ನು ಕೆಣಕಿತು. ಇಂತಹ ಜ್ವರಕ್ಕೆ ಅಂಜಿ 1990ರ ದಶಕದಲ್ಲಿ ಅಮೇರಿಕ ಮೊದಲಾದ ದೇಶಗಳು ಕೆಲವು ಶುದ್ಧ ಪ್ರೋಟೀನುಗಳಷ್ಟೇ ಇರುವ ಲಸಿಕೆಗೆ ಬದಲಾದುವು. ಜ್ವರವೇನೋ ತಗ್ಗಿತು, ರಕ್ಷಣೆಯೂ ಬೇಗ ಸವೆಯತೊಡಗಿತು. 2012ರಲ್ಲಿ ಅಮೇರಿಕದಲ್ಲಿ 48,000ಕ್ಕೂ ಮಿಕ್ಕು ಮಂದಿಗೆ ನಾಯಿಕೆಮ್ಮು ತಗುಲಿದ ವರದಿಯಾಯಿತು. ಅದಕ್ಕೆ ಕಾರಣಗಳು ಹಲವು. ಈ ಸವೆತವು ಅವುಗಳಲ್ಲಿ ಮುಖ್ಯವಾದುದು.

ಹಾಗೆಂದು ಸೂಚನೆ ಹೆಚ್ಚಿದಷ್ಟೂ ಒಳ್ಳೆಯದೆಂದು ತಿಳಿಯಲಾಗದು. ಏಳನೆಯ ಗ್ರಾಹಕದಲ್ಲಿ ಒಂದೇ ಒಂದು ಘಟಕ ಬದಲಾಗಿ ಅದು ಅತಿಯಾಗಿ ಚುರುಕಾದರೆ, ಬಿ ಕಣಗಳು ಸ್ವಂತ ಶರೀರದ ಮೇಲೆಯೇ ತಿರುಗಿ ಲೂಪಸ್ ಎಂಬ ವ್ಯಾಧಿ ಉಂಟಾಗಬಲ್ಲುದೆಂದು 2022ರಲ್ಲಿ ತೋರಿಸಿದರು.

ನಾಲ್ಕು ವಾರ ಕಳೆದು ಎರಡನೆಯ ಸರದಿ ಬಂದಾಗ ಮನೆಯವರೇ ಕೂಸನ್ನು ಎದೆಗವಚಿಕೊಂಡು ಹೊರಟರು. ಜ್ವರ ಬಂದರೆ ಎಷ್ಟು ಔಷಧ ಕೊಡಬೇಕೆಂಬುದನ್ನು ದಾದಿಯಿಂದ ಎರಡು ಸಲ ಕೇಳಿ ತಿಳಿದುಕೊಂಡರು.