ಸಂವಾದಾತ್ಮಕ ವೆಬ್ ಅನ್ವಯಗಳು: ನಿರ್ಮಾಣಸಾಧನಗಳ ಆಯ್ಕೆಯನ್ನು ಕುರಿತು

ಗಣಕವಿಜ್ಞಾನದ ವಿದ್ಯಾರ್ಥಿಗಳು ಪದವಿಯ ಕೊನೆಯ ವರ್ಷದಲ್ಲಿ ಕೈಗೊಳ್ಳುವ ಯೋಜನಾಕಾರ್ಯಗಳಲ್ಲಿ ವೆಬ್ ಅನ್ವಯಗಳಿಗೆ ಈಗ ವಿಶೇಷ ಸ್ಥಾನ ದೊರೆತಿದೆ. ಓದುಗನು ಪುಟವನ್ನು ನೋಡಿ ಸುಮ್ಮನಾಗದೆ, ಅದರಲ್ಲಿ ಅಂಕಿಗಳನ್ನು ತುಂಬಿ, ಪ್ರಶ್ನೆ ಕೇಳಿ, ಉತ್ತರ ಪಡೆಯುವಂತಿದ್ದರೆ ಅದು ಸಂವಾದಾತ್ಮಕ ಅನ್ವಯವೆನಿಸುತ್ತದೆ. ಅದನ್ನು ಕಟ್ಟುವ ಸಾಧನಗಳು ಹಲವು. ಯಾವುದನ್ನು ಆರಿಸಬೇಕೆಂದು ಕೇಳಿದರೆ “ಈಗ ಎಲ್ಲರೂ ಬಳಸುವುದನ್ನು” ಎಂಬ ಉತ್ತರವೇ ಸಾಮಾನ್ಯವಾಗಿ ಬರುತ್ತದೆ. ಈ ಉತ್ತರ ಸಾಲದೆಂಬುದನ್ನೂ, ಮಾಡಬೇಕಾದ ಕೆಲಸದ ಸ್ವರೂಪವೇ ಆಯ್ಕೆಗೆ ಆಧಾರವೆಂಬುದನ್ನೂ ಬಳ್ಳಾರಿ ಸೀಮೆಯ ಮೂರು ನಿದರ್ಶನಗಳಿಂದ ತೋರಿಸುವುದು ನಮ್ಮ ಉದ್ದೇಶ.

ಮೊದಲು ಪೂರ್ವೇತಿಹಾಸವನ್ನು ಸ್ವಲ್ಪ ಅವಲೋಕಿಸೋಣ. 1995ರಲ್ಲಿ ಬ್ರೆಂಡನ್ ಐಕ್ ಎಂಬವರು ನೆಟ್‌ಸ್ಕೇಪ್ ಬ್ರೌಸರಿಗಾಗಿ ಜಾವಾಸ್ಕ್ರಿಪ್ಟ್ ಭಾಷೆಯನ್ನು ರಚಿಸಿದರು. ಆದರೆ ಚಲಿಸುವ ಚಿತ್ರಗಳಿಗೂ ಪಾಠಗಳಿಗೂ ಆಟಗಳಿಗೂ ಬಹುಕಾಲ ಆಶ್ರಯವಾಗಿದ್ದುದು ಫ್ಲ್ಯಾಶ್. ಅದು ಬ್ರೌಸರಿನ ಅಂಗವಲ್ಲ. ಒಂದು ಸಂಸ್ಥೆಯು ಪ್ರತ್ಯೇಕವಾಗಿ ಒದಗಿಸುತ್ತಿದ್ದ ಉಪಾಂಗ. 2014ರ ಅಕ್ಟೋಬರಿನಲ್ಲಿ ಎಚ್‌ಟಿಎಂಎಲ್ 5 ಅಧಿಕೃತ ಶಿಫಾರಸಾದಾಗ, ಫ್ಲ್ಯಾಶ್ ಮಾಡುತ್ತಿದ್ದ ಕೆಲಸದ ಬಹುಭಾಗವನ್ನು ಬ್ರೌಸರೇ ಮಾಡಬಲ್ಲುದಾಗಿತ್ತು. 2020ರ ಡಿಸೆಂಬರ್ 31ರಂದು ಅಡೋಬಿ ಸಂಸ್ಥೆಯು ಫ್ಲ್ಯಾಶ್‌ಗೆ ನೀಡುತ್ತಿದ್ದ ಬೆಂಬಲವನ್ನು ನಿಲ್ಲಿಸಿತು. 2021ರ ಅಕ್ಟೋಬರಿನಲ್ಲಿ ಮೈಕ್ರೋಸಾಫ್ಟಿನ ಸಿಲ್ವರ್‌ಲೈಟ್‌ಗೂ ಅದೇ ಗತಿಯಾಯಿತು. ಇವುಗಳಲ್ಲಿ ಸಿದ್ಧಪಡಿಸಿದ ಪಾಠಗಳು ಕಡತರೂಪದಲ್ಲಿ ಉಳಿದಿದ್ದರೂ ಇಂದಿನ ಬ್ರೌಸರುಗಳು ಅವನ್ನು ತಾವಾಗಿ ತೆರೆಯಲಾರವು. ಪಾಠದಲ್ಲಿ ತಪ್ಪಿರಲಿಲ್ಲ, ಅದು ನೆಚ್ಚಿದ ಸಾಧನ ಇಲ್ಲವಾಯಿತು. ಇದಕ್ಕೆ ಪ್ರತಿಯಾಗಿ, ತೊಂಬತ್ತರ ದಶಕದ ಸರಳ ಎಚ್‌ಟಿಎಂಎಲ್ ಪುಟಗಳನ್ನು ಇಂದಿಗೂ ಓದಬಹುದು.

ಇನ್ನು ನಿದರ್ಶನಗಳಿಗೆ ಬರೋಣ. ಇವು ಮೂರೂ ವಿವೇಚನೆಗಾಗಿ ನಾವು ಕಲ್ಪಿಸಿಕೊಂಡ ಅನ್ವಯಗಳು; ಅವುಗಳ ಹಿನ್ನೆಲೆ ಮಾತ್ರ ವಾಸ್ತವವಾದುದು.

ಕುರುಗೋಡು ಸಿಂದರ ರಾಜಧಾನಿಯಾಗಿದ್ದ ಊರು. ದೊಡ್ಡಬಸವೇಶ್ವರನ ಗುಡಿಯಿಂದ ಪ್ರಸಿದ್ಧವಾದುದು. ಅಲ್ಲಿಯ ಶಾಸನಗಳನ್ನೂ ಗುಡಿಗಳನ್ನೂ ವಿದ್ಯಾರ್ಥಿಗಳಿಗೆ ಪರಿಚಯಿಸುವ ಸೂಚಿಯೊಂದನ್ನು ಸಿದ್ಧಪಡಿಸಬೇಕೆಂದಿಟ್ಟುಕೊಳ್ಳೋಣ. ಇಲ್ಲಿ ಓದುವುದೇ ಮುಖ್ಯ. ಹುಡುಕುವುದು, ಚಿತ್ರವನ್ನು ಹಿಗ್ಗಿಸಿ ನೋಡುವುದು, ಇಷ್ಟೇ ಸಂವಾದ. ಸರಳ ಎಚ್‌ಟಿಎಂಎಲ್, ಸಿಎಸ್‌ಎಸ್‌ಗಳೂ ಕೆಲವು ಸಾಲು ಜಾವಾಸ್ಕ್ರಿಪ್ಟೂ ಇದಕ್ಕೆ ಸಾಕು. ಬಹುಕಾಲ ಬಾಳಬೇಕಾದ ಇಂಥ ಸೂಚಿಗೆ ದೊಡ್ಡ ಚೌಕಟ್ಟನ್ನು ತೊಡಿಸಿದರೆ, ಚೌಕಟ್ಟು ಬದಲಾದಾಗಲೆಲ್ಲ ಸೂಚಿಯನ್ನೂ ತಿದ್ದಬೇಕಾಗುತ್ತದೆ. 2010ರಲ್ಲಿ ಬಂದ ಆಂಗ್ಯುಲರ್‌ಜೆಎಸ್ ಎಂಬ ಚೌಕಟ್ಟಿನ ಬೆಂಬಲವು 2021ರ ಕೊನೆಗೆ ಮುಗಿಯಿತು. ಅದರ ಉತ್ತರಾಧಿಕಾರಿಯಾಗಿ 2016ರಲ್ಲಿ ಬಂದ ಆಂಗ್ಯುಲರ್ ಬೇರೆಯದೇ ರಚನೆಯುಳ್ಳದ್ದಾದುದರಿಂದ ಹಳೆಯ ಅನ್ವಯಗಳು ಅದರಲ್ಲಿ ನೇರವಾಗಿ ನಡೆಯಲಿಲ್ಲ.

ಸಿರುಗುಪ್ಪದ ಸಂಗತಿ ಬೇರೆ. ತುಂಗಭದ್ರೆಯ ನೀರನ್ನು ನಂಬಿದ ಭತ್ತದ ನಾಡು ಅದು. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೆಯ ಕ್ರಸ್ಟ್ ಗೇಟು ಕೊಚ್ಚಿಹೋದಾಗ ನೀರಿನ ಚಿಂತೆ ಈ ಸೀಮೆಯನ್ನೆಲ್ಲ ಕಾಡಿತು. ಕಾಲುವೆಯ ಕೊನೆಯ ಭಾಗಕ್ಕೆ ನೀರು ಯಾವ ದಿನ ಬಂತು, ನಾಟಿ ಯಾವ ದಿನ ಆಯಿತು ಎಂಬುದನ್ನು ಗದ್ದೆಯ ಬದುವಿನ ಮೇಲೆ ನಿಂತೇ ಮೊಬೈಲಿನಲ್ಲಿ ದಾಖಲಿಸುವ ಅನ್ವಯವೊಂದು ಬೇಕೆನ್ನೋಣ. ದಾಖಲಿಸುವ ಹೊತ್ತಿಗೆ ಸಿಗ್ನಲ್ ಇಲ್ಲದೆಹೋದರೆ ಆ ದಿನದ ಬರಹ ನಷ್ಟವಾಗುತ್ತದೆ. ಮುಂದೆ ನೀರು ಬಾರಲಿಲ್ಲವೆಂದು ರೈತನು ದೂರಿದಾಗ ತೋರಿಸಲು ದಾಖಲೆಯೇ ಇರುವುದಿಲ್ಲ. ಆದಕಾರಣ ಇಲ್ಲಿ ನಿರ್ಣಾಯಕವಾದುದು ಪರದೆಯ ಅಂದವಲ್ಲ. ಸಂಪರ್ಕವಿಲ್ಲದೆಯೂ ನಡೆಯುವ ಶಕ್ತಿ. ಸರ್ವಿಸ್ ವರ್ಕರ್ ಎಂಬ ವ್ಯವಸ್ಥೆಯು ಪುಟವನ್ನು ಫೋನಿನಲ್ಲೇ ಉಳಿಸಿಕೊಂಡು ಸಂಪರ್ಕವಿಲ್ಲದಾಗಲೂ ತೆರೆಯುವಂತೆ ಮಾಡುತ್ತದೆ. ಇಂಡೆಕ್ಸ್ಡ್‌ಡಿಬಿ ಎಂಬ ಉಗ್ರಾಣವು ಬರೆದುದನ್ನು ಕಾದಿಟ್ಟುಕೊಳ್ಳುತ್ತದೆ. ಸಂಪರ್ಕ ಮರಳಿದ ಮೇಲೆ ಅನ್ವಯವನ್ನು ತೆರೆದಾಗ ಅದನ್ನು ಸರ್ವರಿಗೆ ಕಳುಹಿಸುವಂತೆ ಬರೆಯಬೇಕು. ಇವೆರಡೂ ಬ್ರೌಸರಿನ ಅಂಗಗಳೇ ಆಗಿರುವುದು ಗಮನಾರ್ಹ.

ಬಳ್ಳಾರಿ ನಗರದ ಜೀನ್ಸ್ ಉದ್ಯಮದ್ದು ಮೂರನೆಯ ಬಗೆ. ಬಟ್ಟೆ ಕತ್ತರಿಸುವುದು, ಹೊಲಿಯುವುದು, ಒಗೆದು ಬಣ್ಣಗೊಳಿಸುವುದು ಹೀಗೆ ಒಂದೊಂದು ಹಂತ ಒಂದೊಂದು ಚಿಕ್ಕ ಘಟಕದಲ್ಲಿ ನಡೆದಾಗ, ಯಾವ ಸರಕು ಎಲ್ಲಿದೆಯೆಂಬುದನ್ನು ಹಲವರು ಏಕಕಾಲದಲ್ಲಿ ನೋಡಬೇಕು, ತಿದ್ದಬೇಕು. ಒಂದು ಅಂಕಿ ಬದಲಾದೊಡನೆ ಪರದೆಯ ಮೇಲಿನ ಮೊತ್ತ, ಬಾಕಿ, ಪಟ್ಟಿ ಎಲ್ಲವೂ ಬದಲಾಗಬೇಕು. 2013ರಲ್ಲಿ ಪ್ರಕಟವಾದ ರಿಯಾಕ್ಟ್, 2014ರ ವ್ಯೂ ಮೊದಲಾದವು ಹುಟ್ಟಿದುದೇ ಇಂಥ ಅಗತ್ಯಕ್ಕಾಗಿ. ಸ್ಥಿತಿಯನ್ನು ಒಂದೆಡೆ ತಿದ್ದಿದರೆ ಅದನ್ನು ಅವಲಂಬಿಸಿದ ಭಾಗಗಳನ್ನು ಅವು ತಾವೇ ಸರಿಪಡಿಸುತ್ತವೆ. ಆದರೆ ಇಬ್ಬರು ಒಂದೇ ದಾಖಲೆಯನ್ನು ಒಟ್ಟಿಗೆ ತಿದ್ದಿದರೆ ಯಾರದು ನಿಲ್ಲಬೇಕೆಂಬುದನ್ನು ಅವು ತೀರ್ಮಾನಿಸಲಾರವು; ಅದು ಸರ್ವರಿನ ಮತ್ತು ದತ್ತಸಂಚಯದ ಹೊಣೆ. ಅಲ್ಲಿ ಪಿಎಚ್‌ಪಿ, ಜ್ಯಾಂಗೋ ಮೊದಲಾದವುಗಳಲ್ಲಿ ತಂಡಕ್ಕೆ ಚೆನ್ನಾಗಿ ತಿಳಿದುದನ್ನು ಬಳಸುವುದೇ ಲೇಸು.

ಮೂರಕ್ಕೂ ಸಮಾನವಾದ ಪರೀಕ್ಷೆಯೊಂದಿದೆ: ಕನ್ನಡ. ‘ಸಿರುಗುಪ್ಪ’ ಎಂಬಲ್ಲಿ ನಮ್ಮ ಎಣಿಕೆಗೆ ನಾಲ್ಕು ಅಕ್ಷರಗಳು. ಯೂನಿಕೋಡಿನ ಎಣಿಕೆಗೆ 9 ಸಂಕೇತಗಳು. ಹೆಸರಿಗೆ ಇಂತಿಷ್ಟೇ ಅಕ್ಷರಗಳೆಂದು ಮಿತಿ ಹಾಕುವವರು ಇದನ್ನು ಮರೆಯಬಾರದು. ‘ಕುರುಗೋಡು’ ಎಂಬುದರ ತೊಡಕು ಇನ್ನೂ ಸೂಕ್ಷ್ಮ. ಅಲ್ಲಿಯ ಓಕಾರವನ್ನು ಒಂದೇ ಸಂಕೇತವಾಗಿಯೂ ಮೂರು ಸಂಕೇತಗಳ ಜೋಡಣೆಯಾಗಿಯೂ ಬರೆಯಲು ಸಾಧ್ಯ. ಮೊದಲನೆಯ ರೀತಿಯಲ್ಲಿ ಪದಕ್ಕೆ 8 ಸಂಕೇತಗಳು, ಎರಡನೆಯದರಲ್ಲಿ 10. ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಬೇರೆ ಬೇರೆ. ಜಾವಾಸ್ಕ್ರಿಪ್ಟಿನ ನಾರ್ಮಲೈಸ್ ಕ್ರಿಯೆಯಿಂದ ಎರಡನ್ನೂ ಏಕರೂಪಕ್ಕೆ ತರದಿದ್ದರೆ, ಸೂಚಿಯಲ್ಲಿ ಇರುವ ಊರೇ ಹುಡುಕಿದಾಗ ಸಿಕ್ಕದೆ ಹೋದೀತು.

ಆದುದರಿಂದ ಸಾಧನವನ್ನು ಆರಿಸುವ ಮುನ್ನ ನಾಲ್ಕು ಪ್ರಶ್ನೆಗಳಿಗೆ ಲಿಖಿತ ಉತ್ತರವನ್ನು ಬರೆಯಿಸುವುದು ಉಚಿತವೆಂದು ನಮ್ಮ ಅಭಿಪ್ರಾಯ: ಅನ್ವಯವು ಎಷ್ಟು ವರ್ಷ ಬಾಳಬೇಕು? ಬಳಸುವವರ ಫೋನೂ ಸಂಪರ್ಕವೂ ಎಂಥವು? ಕನ್ನಡವನ್ನು ಬರೆದು, ಹುಡುಕಿ, ಅಕಾರಾದಿಯಾಗಿ ಜೋಡಿಸಿ ನೋಡಲಾಗಿದೆಯೆ? ಕಟ್ಟಿದ ವಿದ್ಯಾರ್ಥಿಯು ಕಾಲೇಜನ್ನು ಬಿಟ್ಟ ಮೇಲೆ ಅದನ್ನು ನೋಡಿಕೊಳ್ಳುವವರು ಯಾರು? ನಾಲ್ಕನೆಯ ಪ್ರಶ್ನೆಗೆ ಉತ್ತರ ದೊರೆಯದಿದ್ದಲ್ಲಿ, ಸಾಧನಗಳಲ್ಲಿ ಅತ್ಯಂತ ಸರಳವಾದುದನ್ನು ಆರಿಸುವಂತೆ ಅಧ್ಯಾಪಕರು ವಿದ್ಯಾರ್ಥಿಗಳಿಗೆ ಸೂಚಿಸಬಹುದು.