ಉಪ್ಪಿನ ಊರು ಬಾಖ್ಮುತ್

ಉಪ್ಪಿಲ್ಲದ ಅಡುಗೆ ಇಲ್ಲ. ಆ ಉಪ್ಪನ್ನೇ ನಂಬಿ ಬೆಳೆದ ಊರುಗಳೂ ಲೋಕದಲ್ಲಿವೆ. ಉಕ್ರೇನ್ ದೇಶದ ಪೂರ್ವ ಭಾಗದಲ್ಲಿರುವ ಬಾಖ್ಮುತ್ ಅಂಥದೊಂದು ಊರು. ಉಪ್ಪು ಕಟ್ಟಿದ ಈ ಪಟ್ಟಣವನ್ನು ಯುದ್ಧ ಹೇಗೆ ಕೆಡವಿತು ಎಂಬುದನ್ನು ಈ ದಿನ ತಿಳಿಯೋಣ.

ದಾಖಲೆಗಳಲ್ಲಿ ಬಾಖ್ಮುತ್ ಹೆಸರು ಕಾಣಿಸುವುದು 1571ರಲ್ಲಿ, ಹುಲ್ಲುಗಾವಲಿನ ಗಡಿ ಕಾಯುವ ಒಂದು ಠಾಣೆಯಾಗಿ. ಅಲ್ಲಿನ ನೆಲದಡಿಯ ನೀರು ಉಪ್ಪು. ಆ ನೀರನ್ನು ಕುದಿಸಿ ಉಪ್ಪು ತೆಗೆಯುವ ಕಸುಬು ಜನರನ್ನು ಅಲ್ಲಿ ನೆಲೆನಿಲ್ಲಿಸಿತು. ಉಪ್ಪಿದ್ದಲ್ಲಿ ಹಣ, ಹಣವಿದ್ದಲ್ಲಿ ಜಗಳ. ಉಪ್ಪಿನ ಒಡೆತನಕ್ಕಾಗಿ ಕೊಸಾಕ್ ದಂಡುಗಳ ನಡುವೆಯೇ ಕದನ ನಡೆಯಿತು. 1707ರಲ್ಲಿ ಬುಲಾವಿನ್ ಎಂಬ ಕೊಸಾಕ್ ನಾಯಕ ರಷ್ಯಾದ ದೊರೆ ಪೀಟರನ ವಿರುದ್ಧ ದಂಗೆಯೆದ್ದಾಗ ಈ ಹಗೆಯೂ ಅದಕ್ಕೊಂದು ಕಾರಣವಾಗಿತ್ತು.

ಮುಂದೆ ಹತ್ತೊಂಬತ್ತನೆಯ ಶತಮಾನದಲ್ಲಿ ಕಲ್ಲುಪ್ಪಿನ ಗಣಿಗಳು ಬಂದವು, ರೈಲು ಬಂತು. ಉಕ್ರೇನಿಯನ್ನರು, ರಷ್ಯನ್ನರು, ಯಹೂದಿಗಳು ಒಟ್ಟಿಗೆ ಬಾಳಿದರು. 1924ರಲ್ಲಿ ಸೋವಿಯತ್ ಸರ್ಕಾರ ಆರ್ತ್ಯೋಮ್ ಎಂಬ ಕ್ರಾಂತಿಕಾರಿಯ ನೆನಪಿಗೆ ಊರಿನ ಹೆಸರನ್ನು ಆರ್ತೆಮಿವ್ಸ್ಕ್ ಎಂದು ಬದಲಿಸಿತು. ಹಳೆಯ ಹೆಸರು ಮರಳಿ ಬಂದದ್ದು 2016ರಲ್ಲಿ.

ಈ ಊರಿಗೆ ಯುದ್ಧ ಹೊಸದಲ್ಲ. ಎರಡನೆಯ ಮಹಾಯುದ್ಧದಲ್ಲಿ ಊರನ್ನು ಹಿಡಿದ ಜರ್ಮನ್ನರು 1942ರ ಆರಂಭದಲ್ಲಿ ಸುಮಾರು 3,000 ಯಹೂದಿಗಳನ್ನು ಊರಾಚೆಯ ಗಣಿಯೊಳಗೆ ತುಂಬಿ, ಬಾಯಿಗೆ ಗೋಡೆ ಕಟ್ಟಿ ಕೊಂದರು. ಯುದ್ಧ ಮುಗಿದ ಮೇಲೆ, 1950ರಲ್ಲಿ, ಜಿಪ್ಸಂ ಅಗೆದು ಬಿಟ್ಟಿದ್ದ ಸುರಂಗಗಳಲ್ಲಿ ಶಾಂಪೇನ್ ಮಾದರಿಯ ವೈನ್ ಕಾರ್ಖಾನೆ ಆರಂಭವಾಯಿತು. ವೈನ್ ಹದಗೊಳ್ಳಲು ನೆಲದಡಿಯ ತಂಪು ಅನುಕೂಲವಾಗಿತ್ತು.

ಇನ್ನು ಭಾಷೆಯ ಮಾತು. ಮನೆಯಲ್ಲೊಂದು ನುಡಿ, ಸಂತೆಯಲ್ಲೊಂದು ನುಡಿ ಆಡುವುದು ಗಡಿನಾಡಿನ ನಮಗೆ ಹೊಸದೇನಲ್ಲ. ಬಾಖ್ಮುತ್ತಿನಲ್ಲೂ ಅಷ್ಟೇ. ಬೀದಿಯಲ್ಲಿ ಹೆಚ್ಚಾಗಿ ರಷ್ಯನ್ ಕೇಳಿಸುತ್ತಿತ್ತು, ಉಕ್ರೇನಿಯನ್ ಕೂಡ ಬಳಕೆಯಲ್ಲಿತ್ತು. ರಷ್ಯನ್ ಆಡುವವರೆಲ್ಲ ರಷ್ಯಾದ ಕಡೆಯವರೆಂದು ಹೊರಗಿನವರು ಎಣಿಸುವುದುಂಟು. ಆದರೆ 1991ರ ಡಿಸೆಂಬರಿನಲ್ಲಿ ಸ್ವತಂತ್ರ ಉಕ್ರೇನ್ ಬೇಕೇ ಎಂದು ಜನಮತ ಕೇಳಿದಾಗ, ಈ ಊರು ಸೇರಿದ ದೊನೆತ್ಸ್ಕ್ ಪ್ರಾಂತದಲ್ಲಿ ಮತ ಹಾಕಿದವರಲ್ಲಿ ನೂರಕ್ಕೆ 80ಕ್ಕಿಂತ ಹೆಚ್ಚು ಮಂದಿ ಬೇಕು ಎಂದರು. ಆಡುವ ನುಡಿಯಿಂದಲೇ ಮನುಷ್ಯನ ನಿಷ್ಠೆಯನ್ನು ಅಳೆಯಲಾಗದು.

2014ರ ಏಪ್ರಿಲಿನಲ್ಲಿ ರಷ್ಯಾದ ಬೆಂಬಲವಿದ್ದ ಪ್ರತ್ಯೇಕತಾವಾದಿಗಳು ಊರನ್ನು ವಶಪಡಿಸಿಕೊಂಡರು. ಜುಲೈನಲ್ಲಿ ಉಕ್ರೇನ್ ಸೇನೆ ಮರಳಿ ಪಡೆಯಿತು. 2022ರ ಫೆಬ್ರವರಿಯಲ್ಲಿ ರಷ್ಯಾ ಉಕ್ರೇನಿನ ಮೇಲೆ ಪೂರ್ಣ ಪ್ರಮಾಣದ ದಾಳಿಗಿಳಿದಾಗ ಬಾಖ್ಮುತ್ತಿನಲ್ಲಿ 70,000ದಷ್ಟು ಜನರಿದ್ದರು. ಆ ವರ್ಷದ ಆಗಸ್ಟಿನಿಂದ ಊರಿನ ಅಂಚಿನಲ್ಲೇ ಕಾಳಗ ಹತ್ತಿತು. ಬೀದಿ ಬೀದಿಗೂ, ಮನೆ ಮನೆಗೂ ಹೋರಾಟ ನಡೆಯಿತು. ಉಳಿದ ಕೆಲವು ಸಾವಿರ ಜನ ನೆಲಮಾಳಿಗೆಗಳಲ್ಲಿ ದಿನ ದೂಡಿದರು. 2023ರ ಮೇ 20ರಂದು ರಷ್ಯಾ ಪರವಾದ ವಾಗ್ನರ್ ಪಡೆ ಊರನ್ನು ಗೆದ್ದೆವೆಂದು ಸಾರಿತು. ಎರಡೂ ಕಡೆ ಸಾವಿರಾರು ಸೈನಿಕರು ಮಡಿದಿದ್ದರು. ಗೆದ್ದವರ ಕೈಗೆ ಸಿಕ್ಕಿದ್ದು ಸುಟ್ಟ ಗೋಡೆಗಳು.

ಪಕ್ಕದ ಊರು ಸೊಲೆದಾರ್. ಹೆಸರಿನ ಅರ್ಥವೇ ಉಪ್ಪಿನ ಕೊಡುಗೆ. ಉಕ್ರೇನಿನ ಬಹುಪಾಲು ಮನೆಗಳಿಗೆ ಉಪ್ಪು ಹೋಗುತ್ತಿದ್ದುದು ಅಲ್ಲಿನ ಗಣಿಗಳಿಂದ. 2022ರಲ್ಲಿ ಗಣಿ ನಿಂತಿತು. ನಿಲ್ಲುವ ಮೊದಲು ತೆಗೆದಿದ್ದ ಕೊನೆಯ ಉಪ್ಪನ್ನು ಪುಟ್ಟ ಪೊಟ್ಟಣ ಕಟ್ಟಿ ಮಾರಿ, ದೇಶದ ರಕ್ಷಣೆಗೆ ನಿಧಿ ಕೂಡಿಸಿದರು. ಹಿಂದೆ ಅಗ್ಗಕ್ಕೆ ಸಿಗುತ್ತಿದ್ದ ಆ ಉಪ್ಪನ್ನು ಜನ ಹೆಚ್ಚು ಬೆಲೆ ತೆತ್ತು ಕೊಂಡರು. ಅದು ಅಡುಗೆಗೆ ಎನ್ನುವುದಕ್ಕಿಂತ ನೆನಪಿಗೆ.

ಬಾಖ್ಮುತ್ತಿನವರು ಇಂದು ಬೇರೆ ಬೇರೆ ಊರುಗಳಲ್ಲಿ ಚದುರಿಹೋಗಿದ್ದಾರೆ. ಊರು ಕಟ್ಟಲು ನಾಲ್ಕು ಶತಮಾನ ಬೇಕಾಯಿತು. ಕೆಡವಲು ಒಂದು ವರ್ಷವೂ ಬೇಕಾಗಲಿಲ್ಲ.