ಹೆದ್ದಾರಿ ಬದಿಯ ಒಂದು ರಾತ್ರಿಯ ನಿದ್ದೆ

ಸಂಜೆ ಏಳು ಗಂಟೆಯಾಯಿತೆಂದರೆ ಅಮೆರಿಕದ ಹೆದ್ದಾರಿಯಲ್ಲಿ ಲಾರಿ ಓಡಿಸುವವನಿಗೆ ಒಂದು ಚಿಂತೆ ಹತ್ತಿಕೊಳ್ಳುತ್ತದೆ. ರಾತ್ರಿ ಎಲ್ಲಿ ಮಲಗುವುದು? ಹಾಸಿಗೆಯೇನೋ ಅವನ ಬೆನ್ನ ಹಿಂದೆಯೇ, ಲಾರಿಯ ಮುಂಭಾಗದ ಕೋಣೆಯಲ್ಲೇ ಇದೆ. ಇಲ್ಲದಿರುವುದು ಆ ಲಾರಿಯನ್ನು ನಿಲ್ಲಿಸಲು ಎಪ್ಪತ್ತು ಅಡಿ ಉದ್ದದ ಜಾಗ. ಅದೇ ಹೊತ್ತಿಗೆ, ಅದೇ ಜಾಗವನ್ನು ಹುಡುಕುತ್ತಾ ಇನ್ನೊಂದು ವಾಹನವೂ ಬರುತ್ತಿರುತ್ತದೆ. ಅಡುಗೆಮನೆ, ಬಚ್ಚಲು, ಮಂಚ ಎಲ್ಲವನ್ನೂ ಹೊತ್ತ ಮನೆಬಂಡಿ ಅದು. ಅಲ್ಲಿನವರು ಅದನ್ನು ‘ಆರ್.ವಿ.’ ಎನ್ನುತ್ತಾರೆ. ಅದರಲ್ಲಿ ಇರುವವರು ಹೆಚ್ಚಾಗಿ ನಿವೃತ್ತ ದಂಪತಿಗಳು. ಒಬ್ಬರದು ಹೊಟ್ಟೆಪಾಡು, ಇನ್ನೊಬ್ಬರದು ವಿಹಾರ. ಇಬ್ಬರಿಗೂ ಬೇಕಾದದ್ದು ಮಾತ್ರ ಒಂದೇ: ಯಾರೂ ಬಂದು ಕಿಟಕಿ ತಟ್ಟದ ಏಳೆಂಟು ಗಂಟೆಗಳ ನಿದ್ದೆ.

ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೋಗಿ ಬಂದ ನಮ್ಮ ಹಿರಿಯರು ಅಲ್ಲಿನ ‘ರೆಸ್ಟ್ ಏರಿಯಾ’ಗಳನ್ನು ಹೊಗಳದೆ ಇರುವುದಿಲ್ಲ. ಶುಚಿಯಾದ ಶೌಚಾಲಯ, ಕುಡಿಯುವ ನೀರು, ಗೋಡೆಯ ಮೇಲೆ ನಕ್ಷೆ, ಮರದ ನೆರಳಲ್ಲಿ ಬೆಂಚು. ಆದರೆ ಒಂದು ಲೋಟ ಬಿಸಿ ಕಾಫಿ ಮಾಡಿಕೊಡುವ ಹೋಟೆಲು ಏಕಿಲ್ಲ ಎಂಬ ಪ್ರಶ್ನೆಗೆ ಮಕ್ಕಳಲ್ಲೂ ಉತ್ತರ ಇರುವುದಿಲ್ಲ. ಉತ್ತರ ಇರುವುದು 1956ರ ಒಂದು ಕಾನೂನಿನಲ್ಲಿ.

ರಸ್ತೆ ಬದಿಯಲ್ಲಿ ಸರಕಾರವೇ ವಿಶ್ರಾಂತಿಗೆ ಏರ್ಪಾಡು ಮಾಡುವ ಪದ್ಧತಿ ಅದಕ್ಕೂ ಹಳೆಯದು. 1929ರಲ್ಲಿ ಮಿಷಿಗನ್ ರಾಜ್ಯದ ಅಯೋನಿಯಾ ಕೌಂಟಿಯ ರಸ್ತೆ ಎಂಜಿನಿಯರ್ ಅಲನ್ ವಿಲಿಯಮ್ಸ್ ಎಂಬಾತ ಮಿಕ್ಕಿದ ಹಲಗೆಗಳಿಂದ ಮೇಜು ಮಾಡಿಸಿ ದಾರಿಹೋಕರಿಗಾಗಿ ರಸ್ತೆಯಂಚಿನಲ್ಲಿ ಇರಿಸಿದ. ಬುತ್ತಿ ಬಿಚ್ಚಿ ಉಣ್ಣಲು ಒಂದು ಮೇಜು, ಅಷ್ಟೆ. ಇದು ಬೇರೆ ರಾಜ್ಯಗಳಿಗೂ ಹಬ್ಬಿತು. ಮುಂದೆ ಅಧ್ಯಕ್ಷ ಐಸೆನ್‌ಹೋವರ್ ಕಾಲದಲ್ಲಿ 41,000 ಮೈಲಿಗಳ ಅಂತರರಾಜ್ಯ ಹೆದ್ದಾರಿಗಳ ಜಾಲವನ್ನು ಕಟ್ಟಲು ಹೊರಟಾಗ ಒಂದು ವಿವಾದ ಎದ್ದಿತು. ಪೆನ್ಸಿಲ್ವೇನಿಯದಲ್ಲಿ 1940ರಲ್ಲೇ ತೆರೆದಿದ್ದ ಸುಂಕದ ಹೆದ್ದಾರಿಯಲ್ಲಿ ಪೆಟ್ರೋಲ್ ಬಂಕು, ಹೋಟೆಲುಗಳೆಲ್ಲ ರಸ್ತೆಯ ಆವರಣದೊಳಗೇ ಇದ್ದವು; ಗುತ್ತಿಗೆ ಹಿಡಿದ ಒಂದೆರಡು ಕಂಪನಿಗಳಿಗೆ ಮಾತ್ರ ವ್ಯಾಪಾರ. ಹೊಸ ಹೆದ್ದಾರಿಗಳಲ್ಲೂ ಹೀಗಾದರೆ ಅಕ್ಕಪಕ್ಕದ ಊರುಗಳ ಅಂಗಡಿಯವರು ಬಾಯಿಗೆ ಮಣ್ಣು ಹಾಕಿಕೊಳ್ಳಬೇಕಾಗುತ್ತಿತ್ತು. ಆದ್ದರಿಂದ ಹೆದ್ದಾರಿಯ ಜಮೀನಿನಲ್ಲಿ ವ್ಯಾಪಾರ ಕೂಡದು ಎಂದು 1956ರ ಕಾನೂನು ವಿಧಿಸಿತು. 1960ಕ್ಕೆ ಮೊದಲೇ ಇದ್ದವುಗಳಿಗೆ ಮಾತ್ರ ವಿನಾಯಿತಿ. 1982ರ ಕಾನೂನಿನಲ್ಲಿ ಸ್ವಲ್ಪ ಸಡಿಲ ಮಾಡಿ, ನಾಣ್ಯ ಹಾಕಿದರೆ ತಿಂಡಿ ಉದುರಿಸುವ ಯಂತ್ರಗಳನ್ನು ಇಡಬಹುದೆಂದರು. ಆ ಯಂತ್ರಗಳ ವ್ಯಾಪಾರದಲ್ಲಿ ಅಂಧರಿಗೆ ಆದ್ಯತೆ. ಹೆದ್ದಾರಿಯಲ್ಲಿ ಬಿಸ್ಕತ್ತು ಪೊಟ್ಟಣ ಕೊಂಡ ಎಷ್ಟು ಜನಕ್ಕೆ ಅದರ ಲಾಭ ಕಣ್ಣಿಲ್ಲದವರೊಬ್ಬರ ಸಂಸಾರಕ್ಕೆ ಹೋಗುತ್ತದೆಂದು ಗೊತ್ತಿದ್ದೀತು?

ಹೀಗೆ ವ್ಯಾಪಾರ ಹೆದ್ದಾರಿಯಿಂದ ಹೊರಬಿದ್ದು ಪ್ರತಿ ತಿರುವಿನ ಬಾಯಲ್ಲಿ ಅಂಗಡಿ ಹೂಡಿತು. ಟ್ರಕ್ ಸ್ಟಾಪ್‌ಗಳು ಬೆಳೆದದ್ದೇ ಹಾಗೆ. ಪೂರ್ವದ ನ್ಯೂಜೆರ್ಸಿಯಿಂದ ಪಶ್ಚಿಮದ ಸ್ಯಾನ್‌ಫ್ರಾನ್ಸಿಸ್ಕೋದವರೆಗೆ 4,600 ಕಿ.ಮೀ.ಗೂ ಹೆಚ್ಚು ಉದ್ದ ಚಾಚಿಕೊಂಡಿರುವ 80ನೇ ನಂಬರಿನ ಹೆದ್ದಾರಿಯಲ್ಲಿ, ಅಯೋವಾ ರಾಜ್ಯದ ವಾಲ್ಕಾಟ್ ಎಂಬ ಸಣ್ಣ ಊರಿದೆ. 1964ರಲ್ಲಿ ಅಲ್ಲಿ ಜೋಳದ ಹೊಲಗಳ ನಡುವೆ ಆರಂಭವಾದ ‘ಅಯೋವಾ 80’ ಈಗ ಜಗತ್ತಿನಲ್ಲೇ ದೊಡ್ಡದೆಂದು ಹೇಳಿಕೊಳ್ಳುವ ಟ್ರಕ್ ಸ್ಟಾಪ್. ಒಂಬೈನೂರು ಲಾರಿಗಳಿಗೆ ಅಲ್ಲಿ ಜಾಗ. ಸ್ನಾನದ ಕೋಣೆ, ಕ್ಷೌರದಂಗಡಿ, ಹಲ್ಲಿನ ವೈದ್ಯರು, ಸಿನಿಮಾ ನೋಡಲು ಸ್ಥಳ, ಹಳೆಯ ಲಾರಿಗಳ ವಸ್ತುಸಂಗ್ರಹಾಲಯವೂ ಉಂಟು. ವಾರಗಟ್ಟಲೆ ಮನೆಯ ಮುಖ ನೋಡದ ಚಾಲಕನಿಗೆ ಅದೊಂದು ಪುಟ್ಟ ಪೇಟೆಯೇ ಸರಿ. ಹಿಂದಿನಿಂದಲೂ ಇಂಥ ಕಡೆ ರಾತ್ರಿ ತಂಗಲು ಬಾಡಿಗೆ ಇಲ್ಲ ಎಂಬುದೇ ರೂಢಿ. ಡೀಸೆಲ್ಲು, ಊಟದ ಮೇಲಿನ ಲಾಭದಲ್ಲಿ ಮಾಲೀಕರು ಅದನ್ನು ಹುಟ್ಟಿಸಿಕೊಳ್ಳುತ್ತಾರೆ. ಇತ್ತೀಚಿನ ದಶಕಗಳಲ್ಲಿ ಪಂಜಾಬಿನ ಸಿಖ್ಖರು ದೊಡ್ಡ ಸಂಖ್ಯೆಯಲ್ಲಿ ಲಾರಿ ಕಸುಬಿಗೆ ಇಳಿದಿರುವುದರಿಂದ ಒಕ್ಲಹೋಮಾದ ಬಯಲಿನಲ್ಲೂ ಪರೋಟ, ದಾಲ್ ಸಿಗುವ ಧಾಬಾಗಳು ಟ್ರಕ್ ಸ್ಟಾಪಿನೊಳಗೆ ಹುಟ್ಟಿಕೊಂಡಿವೆ.

ಮನೆಬಂಡಿಯವರ ಕಥೆ ಬೇರೆ. ಅಲ್ಯೂಮಿನಿಯಂ ಮೈಯಿನ ‘ಏರ್‌ಸ್ಟ್ರೀಮ್’ ಎಳೆಬಂಡಿಗಳು 1930ರ ದಶಕದಲ್ಲೇ ರಸ್ತೆಗಿಳಿದಿದ್ದವು. 1966ರಲ್ಲಿ ಅಯೋವಾದ ವಿನ್ನೆಬೇಗೋ ಕಂಪನಿ ಅಗ್ಗದ ಮೋಟಾರು ಮನೆಗಳನ್ನು ತಯಾರಿಸತೊಡಗಿದ ಮೇಲೆ ಮಧ್ಯಮ ವರ್ಗಕ್ಕೂ ಅವು ಎಟುಕಿದವು. ಅದಕ್ಕೂ ಮೊದಲು, 1960ರಲ್ಲಿ, ಕಾದಂಬರಿಕಾರ ಜಾನ್ ಸ್ಟೈನ್‌ಬೆಕ್ ತನ್ನ ನಾಯಿಯೊಂದಿಗೆ ಇಂಥದೇ ಗಾಡಿಯಲ್ಲಿ ದೇಶ ಸುತ್ತಿದ. ಡಾನ್ ಕ್ವಿಕ್ಸೋಟನ ಕುದುರೆಯ ಹೆಸರನ್ನೇ ಗಾಡಿಗೆ ಇಟ್ಟಿದ್ದ. ಟ್ರಕ್ ಸ್ಟಾಪ್‌ಗಳಲ್ಲಿ ತಂಗಿ ಚಾಲಕರೊಡನೆ ಹರಟಿದ್ದನ್ನೂ ಪುಸ್ತಕದಲ್ಲಿ ಬರೆದಿದ್ದಾನೆ.

ನೀರು, ವಿದ್ಯುತ್ ಸಂಪರ್ಕ ಇರುವ ಬಿಡಾರದ ಮೈದಾನಗಳು ಮನೆಬಂಡಿಗಳಿಗೆಂದೇ ಇವೆ. ಆದರೆ ರಾತ್ರಿ ಹತ್ತಕ್ಕೆ ಬಂದು ಬೆಳಗ್ಗೆ ಆರಕ್ಕೆ ಹೊರಡುವವರು ಅದಕ್ಕೆ ಹಣ ಏಕೆ ತೆರಬೇಕು? ಅವರು ರೆಸ್ಟ್ ಏರಿಯಾ ಹುಡುಕುತ್ತಾರೆ, ಇಲ್ಲವೇ ವಾಲ್‌ಮಾರ್ಟ್ ಅಂಗಡಿಯ ಅಂಗಳಕ್ಕೆ ಹೋಗುತ್ತಾರೆ. ಅಲ್ಲಿ ಬಿಡುವುದೂ ಬಿಡದಿರುವುದೂ ಆಯಾ ಅಂಗಡಿಯ ಮ್ಯಾನೇಜರನಿಗೆ ಮತ್ತು ಆ ಊರಿನ ಕಟ್ಟಳೆಗೆ ಸೇರಿದ್ದು. ರೆಸ್ಟ್ ಏರಿಯಾದ ನಿಯಮವಂತೂ ರಾಜ್ಯಕ್ಕೊಂದು. ಟೆಕ್ಸಾಸಿನಲ್ಲಿ 24 ಗಂಟೆ ಇರಬಹುದು. ಕ್ಯಾಲಿಫೋರ್ನಿಯ, ವಾಷಿಂಗ್ಟನ್ ರಾಜ್ಯಗಳಲ್ಲಿ 8 ಗಂಟೆ. ಫ್ಲಾರಿಡಾದಲ್ಲಿ ಸಾಮಾನ್ಯ ವಾಹನಕ್ಕೆ ಮೂರೇ ಗಂಟೆ. ಗಡಿ ದಾಟಿದೊಡನೆ ನಿದ್ದೆಯ ಅಳತೆಯೇ ಬದಲಾಗುವುದು ಒಂದು ವಿಚಿತ್ರ. ಬರೆಯದ ನಿಯಮಗಳೂ ಇವೆ: ಬಂಡಿಯ ಪಕ್ಕದ ಗೋಡೆಯನ್ನು ಹೊರಕ್ಕೆ ಚಾಚಬಾರದು, ಕುರ್ಚಿ ಹಾಕಿ ಒಲೆ ಹೂಡಬಾರದು, ತಂಗಿದ ಅಂಗಡಿಯಲ್ಲಿ ಏನಾದರೂ ಕೊಳ್ಳಬೇಕು. ಅದು ಬಿಡಾರವಲ್ಲ, ತಂಗುದಾಣ ಎಂಬ ಭೇದವನ್ನು ಹಳಬರು ಬಲು ನಿಷ್ಠೆಯಿಂದ ಪಾಲಿಸುತ್ತಾರೆ.

ದಾರಿಯಲ್ಲಿ ಮಲಗುವ ಹಕ್ಕು ಎಲ್ಲರಿಗೂ ಒಂದೇ ತೆರನಾಗಿ ಇರಲಿಲ್ಲ ಎಂಬುದನ್ನು ಮರೆಯುವಂತಿಲ್ಲ. ಕಪ್ಪು ಜನರಿಗೆ ಹೋಟೆಲುಗಳು ಬಾಗಿಲು ಹಾಕುತ್ತಿದ್ದ ದಿನಗಳಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನ ಅಂಚೆ ನೌಕರ ವಿಕ್ಟರ್ ಗ್ರೀನ್ 1936ರಲ್ಲಿ ಒಂದು ಕೈಪಿಡಿ ಹೊರತಂದ. ಕಪ್ಪು ಪ್ರಯಾಣಿಕರನ್ನು ಒಳಗೆ ಬಿಡುವ ವಸತಿಗೃಹ, ಊಟದ ಮನೆ, ಪೆಟ್ರೋಲ್ ಬಂಕುಗಳ ಪಟ್ಟಿ ಅದು. ಪಟ್ಟಿಯಲ್ಲಿ ಊರು ಇಲ್ಲದ ಕಡೆ ಸಂಸಾರ ಸಮೇತ ಕಾರಿನಲ್ಲೇ ರಾತ್ರಿ ಕಳೆಯಬೇಕಾಗುತ್ತಿತ್ತು, ಇಲ್ಲವೇ ನಿದ್ದೆಗೆಟ್ಟು ಓಡಿಸುತ್ತಲೇ ಇರಬೇಕಾಗುತ್ತಿತ್ತು. 1964ರ ನಾಗರಿಕ ಹಕ್ಕುಗಳ ಕಾಯಿದೆ ಬಂದ ಕೆಲವೇ ವರ್ಷಗಳಲ್ಲಿ ಆ ಕೈಪಿಡಿ ನಿಂತುಹೋಯಿತು.

ನಿಲ್ಲಿಸಿದ ಗಾಡಿಯಲ್ಲಿ ಮಲಗುವುದರಲ್ಲಿ ಬೇರೆ ಅಪಾಯವೂ ಇದೆ. 1993ರ ಜುಲೈಯಲ್ಲಿ ಬ್ಯಾಸ್ಕೆಟ್‌ಬಾಲ್ ತಾರೆ ಮೈಕೆಲ್ ಜೋರ್ಡಾನರ ತಂದೆ ಜೇಮ್ಸ್ ಜೋರ್ಡಾನ್ ನಾರ್ತ್ ಕೆರೊಲಿನಾದ ಹೆದ್ದಾರಿ ಬದಿಯಲ್ಲಿ ಕಾರು ನಿಲ್ಲಿಸಿ ಕಣ್ಣು ಮುಚ್ಚಿದ್ದಾಗ ಕೊಲೆಯಾದರು. ಅದೇ ಸೆಪ್ಟೆಂಬರಿನಲ್ಲಿ ಫ್ಲಾರಿಡಾದ ರೆಸ್ಟ್ ಏರಿಯಾ ಒಂದರಲ್ಲಿ ಬ್ರಿಟಿಷ್ ಪ್ರವಾಸಿಯೊಬ್ಬರನ್ನು ಗುಂಡಿಕ್ಕಿ ಕೊಂದರು. ಪ್ರವಾಸಿಗಳನ್ನೇ ನಂಬಿದ ಆ ರಾಜ್ಯ ಬೆಚ್ಚಿಬಿದ್ದು ರೆಸ್ಟ್ ಏರಿಯಾಗಳಿಗೆ ಸಶಸ್ತ್ರ ಕಾವಲು ಹಾಕಿತು.

ಲಾರಿಯವರಿಗೆ ಇದಕ್ಕಿಂತ ಬಿಗಿಯಾದ ಕಟ್ಟು ಕಾನೂನಿನದೇ. ಸರಕು ಸಾಗಿಸುವ ಚಾಲಕ 10 ಗಂಟೆ ಬಿಡುವಿನ ನಂತರ ಕೆಲಸಕ್ಕೆ ಕುಳಿತರೆ, 14 ಗಂಟೆಗಳ ಅವಧಿಯೊಳಗೆ ಗರಿಷ್ಠ 11 ಗಂಟೆ ಮಾತ್ರ ಓಡಿಸಬಹುದು. ಹಿಂದೆ ಇದನ್ನು ಪುಸ್ತಕದಲ್ಲಿ ಕೈಯಿಂದ ಬರೆಯುತ್ತಿದ್ದರು. ಅರ್ಧ ಗಂಟೆ ಅತ್ತಿತ್ತ ಮಾಡಿದರೆ ಕೇಳುವವರಿರಲಿಲ್ಲ. 2017ರ ಡಿಸೆಂಬರಿನಿಂದ ಎಂಜಿನ್ನಿಗೆ ಜೋಡಿಸಿದ ಎಲೆಕ್ಟ್ರಾನಿಕ್ ಸಾಧನ ಕಡ್ಡಾಯವಾಯಿತು. ಯಂತ್ರಕ್ಕೆ ದಾಕ್ಷಿಣ್ಯವಿಲ್ಲ. ಗೋದಾಮಿನಲ್ಲಿ ಸರಕು ಇಳಿಸಲು ಮೂರು ಗಂಟೆ ಕಾಯಿಸಿದರೂ ಆ 14 ಗಂಟೆಗಳ ಗಡಿಯಾರ ಓಡುತ್ತಲೇ ಇರುತ್ತದೆ. ಅವಧಿ ಮುಗಿಯಿತೆಂದರೆ ನಿಲ್ಲಿಸಲೇಬೇಕು. ಆದರೆ ಎಲ್ಲಿ?

ಈ ಪ್ರಶ್ನೆಗೆ ಒಬ್ಬ ಚಾಲಕ ಪ್ರಾಣ ತೆತ್ತ. 2009ರ ಮಾರ್ಚಿಯಲ್ಲಿ ನ್ಯೂಯಾರ್ಕ್ ರಾಜ್ಯದ 35 ವರ್ಷದ ಆತ ಹಾಲಿನ ಸರಕು ಹೊತ್ತು ಸೌತ್ ಕೆರೊಲಿನಾಕ್ಕೆ ಬಂದಿದ್ದ. ಇಳಿಸುವ ಹೊತ್ತಿಗೆ ಮೊದಲೇ ತಲುಪಿದ್ದರಿಂದ ಸಮೀಪದ ಒಂದು ಪಾಳುಬಿದ್ದ ಪೆಟ್ರೋಲ್ ಬಂಕಿನಲ್ಲಿ ಲಾರಿ ನಿಲ್ಲಿಸಿ ಮಲಗಿದ. ದರೋಡೆಗೆ ಬಂದವನು ಕೊಂದು ಒಯ್ದದ್ದು ಏಳು ಡಾಲರು. ಮನೆಯಲ್ಲಿ ಹೆಂಡತಿ ಅವಳಿ ಮಕ್ಕಳ ಗರ್ಭಿಣಿ. ಆಕೆ ಸುಮ್ಮನೆ ಕೂರಲಿಲ್ಲ. ಲಾರಿಗಳಿಗೆ ಸುರಕ್ಷಿತ ತಂಗುದಾಣ ಬೇಕೆಂದು ಸಂಸತ್ತಿನವರೆಗೂ ಓಡಾಡಿದಳು. 2012ರಲ್ಲಿ ಆತನ ಹೆಸರಿನಲ್ಲೇ ‘ಜೇಸನ್ಸ್ ಲಾ’ ಹೆದ್ದಾರಿ ಕಾಯಿದೆಯ ಭಾಗವಾಯಿತು. ತಂಗುದಾಣ ಕಟ್ಟಲು ರಾಜ್ಯಗಳು ಕೇಂದ್ರದ ರಸ್ತೆ ನಿಧಿಯನ್ನು ಬಳಸಲು ಅದು ದಾರಿ ಮಾಡಿತು. ಕೊರತೆ ಎಷ್ಟೆಂದು ಅಳೆಯಲೂ ಹೇಳಿತು.

ಅಳೆದಾಗ ಸಿಕ್ಕ ಲೆಕ್ಕ ಸಮಾಧಾನ ತರುವಂಥದ್ದಲ್ಲ. 2019ರ ಸಮೀಕ್ಷೆಯಂತೆ ದೇಶದಲ್ಲಿ ಲಾರಿಗಳಿಗಿದ್ದ ಜಾಗ ಸುಮಾರು 3,13,000. ಅದರಲ್ಲಿ ಸರಕಾರದ ರೆಸ್ಟ್ ಏರಿಯಾಗಳದು ಸುಮಾರು 40,000 ಮಾತ್ರ, ಉಳಿದುದೆಲ್ಲ ಖಾಸಗಿ ಟ್ರಕ್ ಸ್ಟಾಪ್‌ಗಳದು. ನೂರಕ್ಕೆ 98 ಚಾಲಕರು ಸುರಕ್ಷಿತ ಸ್ಥಳ ಸಿಗದೆ ಒದ್ದಾಡಿದ್ದೇವೆ ಎಂದರು. ಹೊಸದಾಗಿ ಕಟ್ಟಲು ಹೊರಟರೆ ಲಾರಿಗಳ ಸದ್ದು, ಹೊಗೆ ಬೇಡವೆಂದು ಊರವರು ಅಡ್ಡ ಬರುತ್ತಾರೆ. ಆ ಲಾರಿ ತಂದ ಹಾಲು ಮಾತ್ರ ಬೆಳಗಾಗುವುದರೊಳಗೆ ಅಂಗಡಿಯಲ್ಲಿ ಇರಬೇಕು. ಜಾಗ ಸಿಗದವರು ರೆಸ್ಟ್ ಏರಿಯಾಕ್ಕೆ ಹೋಗುವ ಕವಲು ರಸ್ತೆಯ ಅಂಚಿನಲ್ಲೇ ಸಾಲಾಗಿ ನಿಲ್ಲುತ್ತಾರೆ. 2023ರ ಜುಲೈಯಲ್ಲಿ ಇಲಿನಾಯ್ ರಾಜ್ಯದಲ್ಲಿ ರಾತ್ರಿ ಬಸ್ಸೊಂದು ಹಾಗೆ ನಿಂತಿದ್ದ ಮೂರು ಲಾರಿಗಳಿಗೆ ಗುದ್ದಿ ಮೂವರು ಪ್ರಯಾಣಿಕರು ಸತ್ತರು.

ಮನೆಬಂಡಿಗಳ ಮೇಲೆ ಲಾರಿಯವರು ಮುನಿಯುವುದು ಈ ಹಿನ್ನೆಲೆಯಲ್ಲಿ. ಲಾರಿಯ ಸಾಲಿನಲ್ಲಿ ವಿಹಾರದ ಗಾಡಿಯೊಂದು ನಿಂತರೆ ಗಡಿಯಾರ ಮುಗಿದ ಚಾಲಕನೊಬ್ಬ ಕವಲು ರಸ್ತೆಗೆ ಹೋಗಬೇಕಾಗುತ್ತದೆ. ಮನೆಬಂಡಿಯವನಿಗೆ ಇನ್ನೂ ಐವತ್ತು ಮೈಲಿ ಓಡಿಸಲು ಕಾನೂನಿನ ಅಡ್ಡಿಯಿಲ್ಲ, ಇವನಿಗಿದೆ. ತಿಳಿದವರು ಕಾರುಗಳ ಕಡೆಯ ಮೂಲೆಯಲ್ಲಿ ನಿಲ್ಲಿಸುತ್ತಾರೆ. ದೊಡ್ಡ ಟ್ರಕ್ ಸ್ಟಾಪ್‌ಗಳು ಮನೆಬಂಡಿಗಳಿಗೆ ಪ್ರತ್ಯೇಕ ಸಾಲು ಮಾಡಿಕೊಟ್ಟಿವೆ. ಜೊತೆಗೆ ಒಂದಷ್ಟು ಜಾಗವನ್ನು ಮುಂಗಡ ಹಣಕ್ಕೆ ಕಾದಿರಿಸುವ ಪದ್ಧತಿಯೂ ಬಂದಿದೆ. ಒಂದು ಕಾಲಕ್ಕೆ ಡೀಸೆಲ್ಲಿನ ಜೊತೆ ಬಿಟ್ಟಿಯಾಗಿ ಬರುತ್ತಿದ್ದ ನಿದ್ದೆಗೆ ಈಗ ಚೀಟಿ ಕೊಳ್ಳಬೇಕು. ಆ ಹಣವನ್ನು ಕೆಲವು ಲಾರಿ ಕಂಪನಿಗಳು ತುಂಬಿಕೊಡುತ್ತವೆ, ಕೆಲವು ಕೊಡುವುದಿಲ್ಲ. ಕೊಡದ ಕಡೆ ಚಾಲಕ ಮಧ್ಯಾಹ್ನ ನಾಲ್ಕಕ್ಕೇ, ಓಡಿಸಲು ಇನ್ನೂ ಎರಡು ಗಂಟೆ ಬಾಕಿಯಿರುವಾಗಲೇ, ಸಿಕ್ಕ ಜಾಗದಲ್ಲಿ ಗಾಡಿ ನಿಲ್ಲಿಸಿ ಪರದೆ ಎಳೆದುಕೊಳ್ಳುತ್ತಾನೆ.